ಮೆಟ್ಟಿಲು ಹತ್ತಿದವರು

ಹಳೆಯ ಕಟ್ಟಡಗಳ ಚಿತ್ರ ಕಂಡರೆ ನನಗೆ ಪುಟ ಮಗುಚಲು ಮನಸ್ಸೇ ಬರುವುದಿಲ್ಲ. ಥಾಮಸ್ ಡೇನಿಯಲ್ ಎಂಬ ಇಂಗ್ಲಿಷ್ ಕಲಾವಿದ 1797ರಲ್ಲಿ ಬರೆದ ತೈಲಚಿತ್ರವೊಂದಿದೆ: ಯಮುನೆಯ ದಡದ ವೃಂದಾವನದ ಗುಡಿಗಳು. ಈತ ಅಣ್ಣನ ಮಗ ವಿಲಿಯಂನನ್ನು ಕಟ್ಟಿಕೊಂಡು 1786ರಲ್ಲಿ ಕಲ್ಕತ್ತೆಗೆ ಬಂದ. ಊರೂರು ಅಲೆದು ಗುಡಿ, ಕೋಟೆ, ಗೋರಿಗಳ ರೇಖೆ ಹಾಕಿಕೊಂಡು 1794ರಲ್ಲಿ ಇಂಗ್ಲೆಂಡಿಗೆ ಮರಳಿದ. ಬಣ್ಣ ತುಂಬಿದ್ದು ಲಂಡನ್ನಿನಲ್ಲಿ. ಹೊಸ ಅರಮನೆಗಿಂತ ಪಾಚಿ ಹಿಡಿದ ಗೋಡೆಯೇ ಚೆಂದ ಎಂದು ಯುರೋಪಿನ ರಸಿಕರು ನಂಬಿದ್ದ ಕಾಲ ಅದು. ಇಂಥ ಚಿತ್ರಗಳಲ್ಲಿ ಮನುಷ್ಯರೂ ಇರುತ್ತಾರೆ, ಆದರೆ ಇರುವೆಯಷ್ಟು. ಕಟ್ಟಡ ಎಷ್ಟೆತ್ತರ ಎಂದು ತೋರಿಸುವ ಅಳತೆಗೋಲು ಅವರು, ಅಷ್ಟೆ.

ಡೇನಿಯಲ್ 1792-93ರಲ್ಲಿ ದಕ್ಷಿಣದಲ್ಲೂ ತಿರುಗಾಡಿದ. ನಮ್ಮ ಚನ್ನಗಿರಿಯ ಕಡೆ ಬರಲಿಲ್ಲ. ಬಂದಿದ್ದರೆ ಸಂತೇಬೆನ್ನೂರಿನ ಹೊಂಡವನ್ನು ಖಂಡಿತ ಬಿಡುತ್ತಿರಲಿಲ್ಲ. 16ನೆಯ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ್ದು. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನಡುನೀರಿನಲ್ಲಿ ವಸಂತ ಮಂಟಪ, ಪಕ್ಕದಲ್ಲಿ ದೊಡ್ಡ ದೊಡ್ಡ ಕಮಾನುಗಳ ಮುಸಾಫಿರಖಾನೆ. ಅದು ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಕಾಲದ್ದೆನ್ನುತ್ತಾರೆ. ಗೆದ್ದವರು, ಸೋತವರು ಇಬ್ಬರೂ ಹೋದರು. ಮಂಟಪವೂ ಕಮಾನೂ ಒಂದೇ ಬಿಸಿಲಿನಲ್ಲಿ ಮಾಸುತ್ತ ಉಳಿದಿವೆ. ಈಗ ಎರಡೂ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ.

ನಾನು ಅಲ್ಲಿಗೆ ಹೋದಾಗ ನ್ಯಾಮತಿಯಿಂದ ಅತ್ತೆಯೂ ಜೊತೆಗೆ ಬಂದಿದ್ದರು. ಸಂಜೆಯ ಬಿಸಿಲಿನಲ್ಲಿ ಮಂಟಪ ನೀರಿಗೆ ಬಿದ್ದು ಅಲುಗದೆ ನಿಂತಿತ್ತು. ನಾನು ಮಾತು ಮರೆತು ನೋಡುತ್ತಿದ್ದೆ. ಅತ್ತೆ ನೋಡುತ್ತಿದ್ದದ್ದು ಮೆಟ್ಟಿಲನ್ನು. "ಅಲ್ಲ ಕಣವ್ವ, ಬೇಸಿಗೇಲಿ ನೀರು ಅಷ್ಟು ಕೆಳಕ್ಕೆ ಹೋದಾಗ ತುಂಬಿದ ಕೊಡ ಹೊತ್ತು ಇಷ್ಟು ಹತ್ತೋರು ಯಾರಿದ್ರು? ಹೂಳು ಎತ್ತಿದೋರು ಯಾರು?" ಎಂದರು.

ಇತಿಹಾಸ ಓದಿದವಳು ನಾನು. ಕಟ್ಟಿಸಿದವನ ಹೆಸರು ಬಾಯಲ್ಲೇ ಇತ್ತು. ಹೊತ್ತವರ ಹೆಸರು ಯಾವ ಪುಸ್ತಕದಲ್ಲಿ ಹುಡುಕಲಿ?

ನಮ್ಮ ಸೀಮೆ ಹೆಂಗಸರ ಹೆಸರನ್ನು ಪೂರ್ತಿ ಮರೆತಿದೆ ಎನ್ನುವಂತಿಲ್ಲ. ಚನ್ನಗಿರಿ ಎಂಬ ಹೆಸರು ಕೆಳದಿಯ ಚೆನ್ನಮ್ಮಾಜಿಯಿಂದ ಬಂತು ಎನ್ನುತ್ತಾರೆ. ಸೂಳೆಕೆರೆಯ ದಂಡೆಯ ಜನ ಕೆರೆ ಕಟ್ಟಿಸಿದ ಶಾಂತವ್ವನ ಕಥೆಯನ್ನು ಇಂದಿಗೂ ಹೇಳುತ್ತಾರೆ. ಕೆರೆಗೆ ಶಾಂತಿಸಾಗರ ಎಂಬ ಹೆಸರೂ ಇದೆ. ಆಳಿದವಳು, ಕಟ್ಟಿಸಿದವಳು ಉಳಿದಳು. ದಿನಾ ನೀರು ಹೊತ್ತವಳು ಉಳಿಯಲಿಲ್ಲ. ಹೊಂಡದ ಮೌನ ಎಂದು ನಾನು ಮೆಚ್ಚಿಕೊಂಡದ್ದರಲ್ಲಿ ಅವಳ ಮಾತೂ ಅಡಗಿಹೋಗಿದೆ.

ಹೊರಡುವಾಗ ಅತ್ತೆ ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಈಗ ಡೇನಿಯಲ್‌ನ ಚಿತ್ರಗಳನ್ನು ತೆರೆದಾಗ ಶಿಖರವನ್ನು ಆಮೇಲೆ ನೋಡುತ್ತೇನೆ. ಮೊದಲು ಕೆಳಗೆ ನಿಂತ ಆ ಇರುವೆಯಷ್ಟು ಮನುಷ್ಯರಲ್ಲಿ ಯಾರ ತಲೆಯ ಮೇಲಾದರೂ ಕೊಡ ಇದೆಯೇ ಎಂದು ಹುಡುಕುತ್ತೇನೆ.