ಬ್ಲಾಪ್ಟಿನೇ ಜೀರುಂಡೆಗಳ ವರ್ಗೀಕರಣ

ಟೆನೆಬ್ರಿಯೊನಿಡೇ ಕುಟುಂಬದ ಜೀರುಂಡೆಗಳಲ್ಲಿ ಬ್ಲಾಪ್ಟಿನೇ ಒಂದು ದೊಡ್ಡ ಉಪಕುಟುಂಬ. ಸುಮಾರು 4,000 ಪ್ರಭೇದಗಳಿರುವ ಈ ಗುಂಪು ಮಧ್ಯ ಏಷ್ಯಾದ ಹುಲ್ಲುಗಾವಲು, ಆಫ್ರಿಕದ ಒಣನೆಲ, ಉತ್ತರ ಅಮೆರಿಕದ ಮರುಭೂಮಿಗಳಲ್ಲಿ ಹೇರಳ. ದಕ್ಷಿಣ ಭಾರತದ ಹೊಲಗಳ ಮಣ್ಣಿನಲ್ಲಿ ಸಿಗುವ, ಎಳೆ ಸಸಿಗಳನ್ನು ಕಡಿಯುವ ಗೊನೊಸೆಫಾಲಮ್ ಸಹ ಇದೇ ಗುಂಪಿನದು. ಬ್ಲಾಪ್ಟಿನೇಗಳಲ್ಲಿ ಅನೇಕವು ಹಾರಲಾರವು. ಅವುಗಳ ಹಿಂರೆಕ್ಕೆ ಕ್ಷೀಣಿಸಿ, ಮುಂರೆಕ್ಕೆಗಳೆರಡೂ ಬೆಸೆದು ಗಟ್ಟಿ ಚಿಪ್ಪಾಗಿವೆ. ಚಿಪ್ಪಿನಡಿಯ ಪೊಳ್ಳು ಮೈಯ ನೀರು ಆವಿಯಾಗಿ ಹೋಗುವುದನ್ನು ತಗ್ಗಿಸುತ್ತದೆ. ಒಣನೆಲಕ್ಕೆ ಹೊಂದಿದ ಈ ಮೈಕಟ್ಟು ಹತ್ತಿರದ ರಕ್ತಸಂಬಂಧವಿಲ್ಲದ ಹಲವು ವಂಶಗಳಲ್ಲಿ ಬೇರೆಬೇರೆಯಾಗಿಯೇ ಮೂಡಿದೆ. ವರ್ಗೀಕರಣದ ತೊಡಕು ಹುಟ್ಟಿದ್ದು ಇಲ್ಲಿಂದಲೇ.

ಲಿನೇಯಸ್ 1758ರಲ್ಲಿ ಇಂಥ ಕಪ್ಪು ಜೀರುಂಡೆಗಳನ್ನು ಟೆನೆಬ್ರಿಯೊ ಕುಲಕ್ಕೆ ಸೇರಿಸಿದ. 1775ರಲ್ಲಿ ಫೆಬ್ರೀಶಿಯಸ್ ಬ್ಲಾಪ್ಸ್ ಕುಲವನ್ನು ಬೇರ್ಪಡಿಸಿದ. ಲಾಟ್ರೈ 1802ರಲ್ಲಿ ಕುಟುಂಬಕ್ಕೆ ಹೆಸರಿಟ್ಟ. ಲೀಚ್ 1815ರಲ್ಲಿ ಬ್ಲಾಪ್ಸ್‌ ಸುತ್ತಲಿನ ಗುಂಪಿಗೆ ಹೆಸರು ಕೊಟ್ಟ. ಲಾಕೊರ್ಡೇರ್ 1859ರಲ್ಲಿ ಜಗತ್ತಿನ ಕುಲಗಳನ್ನೆಲ್ಲ ಕ್ರಮಕ್ಕೆ ತಂದದ್ದು ಅಸಾಧಾರಣ ಶ್ರಮದ ಕೆಲಸ. ಆದರೆ ಅವನ ಆಧಾರ ಬಹುಮಟ್ಟಿಗೆ ಕಣ್ಣಿಗೆ ಕಾಣುವ ಹೊರ ಅಂಗಗಳೇ ಆಗಿದ್ದವು. 1862ರಲ್ಲಿ ಅಮೆರಿಕದ ಲೆಕಾಂಟ್ ಹೊಟ್ಟೆಯಡಿಯ ಫಲಕಗಳ ನಡುವೆ ಮೆದು ಪೊರೆ ಇದೆಯೇ ಇಲ್ಲವೇ ಎಂಬುದನ್ನು ಗಮನಿಸಿದ. ಮುಂದಿನ ಪೀಳಿಗೆಗಳು ಇದನ್ನು ಮತ್ತೆ ಮತ್ತೆ ನೆಚ್ಚಿಕೊಂಡವು.

ಇಪ್ಪತ್ತನೆಯ ಶತಮಾನದಲ್ಲಿ ನೋಟ ಒಳಗಿನ ಅಂಗಗಳತ್ತಲೂ ಮರಿಹುಳುಗಳತ್ತಲೂ ತಿರುಗಿತು. ಹಂಗೆರಿಯ ಕಾಸಾಬ್ 1952ರಲ್ಲಿ ಏಷ್ಯಾದ ಗೊನೊಸೆಫಾಲಮ್ ಪ್ರಭೇದಗಳನ್ನು ಪರಿಷ್ಕರಿಸಿದರು. ಸೋವಿಯತ್ ಒಕ್ಕೂಟದ ಮೆಡ್ವೆಡೆವ್ 1968ರಲ್ಲಿ ಒಪಾಟ್ರಿನೇ ಎಂಬ ಉಪಕುಟುಂಬದ ಬಗ್ಗೆ ವಿಸ್ತಾರವಾದ ಗ್ರಂಥ ಬರೆದರು. ಮಣ್ಣು ತೋಡಲು ದಪ್ಪಗಾದ ಮರಿಹುಳುವಿನ ಮುಂಗಾಲು ಬ್ಲಾಪ್ಸ್ ಮತ್ತು ಒಪಾಟ್ರಿನೇ ಗುಂಪುಗಳ ನಂಟಿಗೆ ಸುಳಿವಾಗಿತ್ತು. ಆದರೂ ನ್ಯೂಜಿಲೆಂಡಿನ ವಾಟ್ 1974ರಲ್ಲಿ ಇಡೀ ಕುಟುಂಬವನ್ನು ಮರುವಿಂಗಡಿಸಿದಾಗ ಇವೆಲ್ಲ ಟೆನೆಬ್ರಿಯೊನಿನೇ ಎಂಬ ವಿಶಾಲ ಉಪಕುಟುಂಬದೊಳಗೆ ಬಂದವು.

ಅತ್ಯಂತ ಫಲವತ್ತಾದ ಹೆಜ್ಜೆ ಇಟ್ಟವರು ಚಿಂಕೆಲ್ ಮತ್ತು ಡಾಯೆನ್. ಹೊಟ್ಟೆಯ ತುದಿಯಲ್ಲಿ ಕ್ವಿನೋನ್ ಸ್ರವಿಸುವ ರಕ್ಷಣಾ ಗ್ರಂಥಿಗಳು, ಹೆಣ್ಣಿನ ಮೊಟ್ಟೆಯಿಡುವ ಅಂಗ, ಜನನನಾಳದ ಕವಲುಗಳು, ಇವನ್ನೆಲ್ಲ ನೂರಾರು ಕುಲಗಳಲ್ಲಿ ಸೀಳಿ ನೋಡಿ 1980 ಮತ್ತು 1982ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಸಿಲು, ಬರ, ಮರಳು ಚಿಪ್ಪಿನ ಆಕಾರವನ್ನು ತಿದ್ದಿದಷ್ಟು ಸುಲಭವಾಗಿ ಈ ಅಂಗಗಳನ್ನು ತಿದ್ದಲಾರವು. ಹಾಗಾಗಿಯೇ ಅವು ವಂಶದ ಗುರುತನ್ನು ಹೆಚ್ಚು ನಂಬಲರ್ಹವಾಗಿ ಉಳಿಸಿಕೊಂಡಿವೆ.

2014ರಲ್ಲಿ ಕೆರ್ಗೋ ಮತ್ತು ಸಂಗಡಿಗರು ಹಲವು ವಂಶವಾಹಿಗಳನ್ನು ಹೋಲಿಸಿ, ಟೆನೆಬ್ರಿಯೊನಿನೇ ಒಂದೇ ಮೂಲದ ಗುಂಪಲ್ಲ ಎಂದು ತೋರಿಸಿದರು. 2021ರಲ್ಲಿ ಕಾಮಿನ್‌ಸ್ಕಿ ಮತ್ತು ಸಂಗಡಿಗರು ಬ್ಲಾಪ್ಟಿನಿ, ಒಪಾಟ್ರಿನಿ, ಪೆಡಿನಿನಿ, ಡೆಂಡರಿನಿ, ಪ್ಲಾಟಿನೋಟಿನಿ, ಪ್ಲಾಟಿಸ್ಕೆಲಿಡಿನಿ, ಆಂಫಿಡೋರಿನಿ ಎಂಬ ಏಳು ಪಂಗಡಗಳನ್ನು ಅದರಿಂದ ಬಿಡಿಸಿ ಬ್ಲಾಪ್ಟಿನೇ ಉಪಕುಟುಂಬವನ್ನು ಮತ್ತೆ ಸ್ಥಾಪಿಸಿದರು. ನಾಮಕರಣದ ನಿಯಮದಂತೆ ಹಳೆಯ ಹೆಸರಿಗೆ ಆದ್ಯತೆ. ಆದ್ದರಿಂದ ಒಪಾಟ್ರಿನೇ ಬದಲು ಲೀಚ್‌ನ 1815ರ ಹೆಸರೇ ನಿಂತಿತು. ಈ ಗುಂಪು ಹೊರಬಂದ ಮೇಲೂ ಟೆನೆಬ್ರಿಯೊನಿನೇಯಲ್ಲಿ ಉಳಿದ ಪಂಗಡಗಳು ಒಂದೇ ಮೂಲಕ್ಕೆ ಸೇರುವುದಿಲ್ಲ. ಅವುಗಳ ಮರುವಿಂಗಡಣೆ ಇನ್ನೂ ಬಾಕಿಯಿದೆ.