ಡೈನಮೋ ಕಾಲ ಮುಗಿದ ಮೇಲೆ

ಹನಗೋಡಿನ ಕಡೆ ಸೈಕಲ್ ತುಳಿದ ನನ್ನ ವಾರಿಗೆಯವರಿಗೆಲ್ಲ ಡೈನಮೋ ನೆನಪಿರುತ್ತೆ. ಟೈರಿಗೆ ಒರಗಿಸಿದ ತಕ್ಷಣ ಗುಂಯ್ ಅನ್ನುವ ಸದ್ದು, ಮುಂದೆ ಹಳದಿ ಬೆಳಕು, ಜೊತೆಗೆ ಇದ್ದಕ್ಕಿದ್ದಂತೆ ಭಾರವಾಗುವ ಪೆಡಲು. ಕರೆಂಟು ಪುಕ್ಕಟೆ ಬರಲ್ಲ ಅಂತ ನಮಗೆ ಮೊದಲು ತಿಳಿದಿದ್ದೇ ತೊಡೆಯ ನೋವಿನಿಂದ. ಬೆಳದಿಂಗಳಿದ್ದರೆ, ಏರು ಬಂದಾಗ ಡೈನಮೋ ಎತ್ತಿಬಿಡುತ್ತಿದ್ದೆವು.

ಹೋದ ವರ್ಷ ಅಕ್ಕನ ಮಗ ಊರಿಗೆ ತಂದ ಸೈಕಲ್ಲು ಇದಕ್ಕೆ ಪೂರ್ತಿ ಉಲ್ಟಾ. ಅದರಲ್ಲಿ ಕರೆಂಟೇ ಕಾಲಿಗೆ ಬರುತ್ತೆ. ಹಗುರ ಜಾತಿಯ ಎಲೆಕ್ಟ್ರಿಕ್ ಮೌಂಟೇನ್ ಬೈಕು. ಲಕ್ಷ್ಮಣತೀರ್ಥದ ಅಣೆಕಟ್ಟೆಯಿಂದ ಹೊರಡುವ ನಾಲೆಯ ಏರಿ ಮೇಲೆ ಒಂದು ಸುತ್ತು ಹೊಡೆದು ಬಂದೆ. ಅವತ್ತಿನಿಂದ ಇದು ಎಲ್ಲಿಂದ ಬಂತು, ನಮ್ಮಂಥ ಊರಲ್ಲಿ ಬಾಳಿಕೆ ಬರುತ್ತಾ ಅನ್ನೋದೇ ತಲೆಯಲ್ಲಿ ಕೊರೀತಿದೆ.

ಸೈಕಲ್ಲಿಗೆ ಮೋಟಾರು ಕಟ್ಟುವ ಯೋಚನೆ ಹೊಸದೇನಲ್ಲ. ಅಮೆರಿಕದ ಆಗ್ಡನ್ ಬೋಲ್ಟನ್ ಎಂಬುವನು 1895ರ ಕೊನೆಯ ದಿನ ಇದಕ್ಕೆ ಪೇಟೆಂಟ್ ಪಡೆದ. ಹಿಂದಿನ ಚಕ್ರದ ಹಬ್‌ನಲ್ಲೇ ಮೋಟಾರು, ಫ್ರೇಮಿನ ನಡುವೆ ಬ್ಯಾಟರಿ. ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಗಿದ್ದು 1902ರಲ್ಲಿ, ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ಅಂದರೆ ಮೈಸೂರು ಸೀಮೆಗೆ ಕರೆಂಟು ಬರೋಕೆ ಮೊದಲೇ ಕರೆಂಟು ಸೈಕಲ್ಲಿನ ನಕ್ಷೆ ಕಾಗದದ ಮೇಲಿತ್ತು. ಅದು ರಸ್ತೆಗಿಳಿದು ಜನರ ಕೈಗೆ ಸಿಗದಂತೆ ತಡೆದಿದ್ದು ಒಂದೇ: ಬ್ಯಾಟರಿಯ ಭಾರ.

ಮೌಂಟೇನ್ ಬೈಕಿನ ಕಥೆ ಬೇರೆ, ನನಗೆ ಅದೇ ಹೆಚ್ಚು ಇಷ್ಟ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಮೂವತ್ತು–ನಲವತ್ತು ವರ್ಷ ಹಳೆಯ, ದಪ್ಪ ಟೈರಿನ ಭಾರದ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿಕೊಂಡು ಬಂದು ಗುಡ್ಡದ ಮಣ್ಣು ದಾರಿಯಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಪಂದ್ಯವನ್ನೇ ಶುರು ಮಾಡಿದರು. ಅದರ ಹೆಸರು ರೀಪ್ಯಾಕ್. ಯಾಕೆಂದರೆ ಹಿಂದಿನ ಹಬ್‌ನೊಳಗಿನ ಬ್ರೇಕು ಒಂದೇ ಇಳಿಜಾರಿನಲ್ಲಿ ಕಾದು, ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಹಬ್ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕಿತ್ತು. ಒಂದು ಕ್ರೀಡೆಯ ಮೊದಲ ಪಂದ್ಯಕ್ಕೆ ರಿಪೇರಿ ಕೆಲಸದ ಹೆಸರು! ಸೈಕಲ್ ಶಾಪಿನಲ್ಲಿ ಕೂತು ಬೆಳೆದವರಿಗೆ ಇದಕ್ಕಿಂತ ಖುಷಿಯ ಸಂಗತಿ ಏನಿದೆ?

ನಮ್ಮ ಕಡೆಯೂ ಮಣ್ಣು ದಾರಿಯೇ, ಸೈಕಲ್ಲೂ ಭಾರದ್ದೇ. ಅಟ್ಲಾಸ್, ಹೀರೋ, ಹರ್ಕ್ಯುಲಸ್. ಇಪ್ಪತ್ತು ಕಿಲೋ ಆಚೀಚೆ. ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ, ರಾಗಿ ಮೂಟೆ, ಹಾಲಿನ ಕ್ಯಾನು, ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ. ಕೆಮ್ಮಣ್ಣಿನ ಕೊರಕಲಿನಲ್ಲಿ ಇಷ್ಟೆಲ್ಲ ಹೊತ್ತು ತುಳಿಯೋದಕ್ಕೆ ಯಾರೂ ಕ್ರೀಡೆ ಅಂತ ಕರೆಯಲಿಲ್ಲ, ಅಷ್ಟೆ. ಮನೆಯಲ್ಲಿ ಸೈಕಲ್ ಇಲ್ಲದವರಿಗೆ ಶಾಪಿನಲ್ಲಿ ಗಂಟೆ ಲೆಕ್ಕದ ಬಾಡಿಗೆ. ಸೀಟಿಗೆ ಕಾಲು ಎಟುಕದ ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು. 2006–07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದ ಮೇಲೆ ಹಳ್ಳಿ ಹೆಣ್ಣುಮಕ್ಕಳೂ ಸಾಲಾಗಿ ಹೈಸ್ಕೂಲಿಗೆ ತುಳಿಯತೊಡಗಿದರು. ಈ ಸೈಕಲ್ಲುಗಳಲ್ಲಿ ನಮ್ಮ ಶಾಪಿನವನಿಗೆ ಬಿಚ್ಚಲಾಗದ ಭಾಗ ಒಂದೂ ಇರಲಿಲ್ಲ. ಬೆಂಡು ತೆಗೀತಿದ್ದ, ಬಾಲ್ಸ್ ಬದಲಾಯಿಸ್ತಿದ್ದ, ಕಾಟರ್ ಪಿನ್ನನ್ನು ಸುತ್ತಿಗೆಯಲ್ಲೇ ಸರಿ ಮಾಡ್ತಿದ್ದ.

ಹಳೇ ಸೈಕಲ್ಲಿಗೆ ಬಿಲ್ಲೆ ಇತ್ತು, ನೆನಪಿದೆಯಾ? ತೆರಿಗೆ ಕಟ್ಟಿ ತಗಡಿನ ಬಿಲ್ಲೆ ಹಾಕಿಸಿಕೊಳ್ಳಬೇಕಿತ್ತು. ರಾತ್ರಿ ದೀಪ ಇಲ್ಲದಿದ್ದರೆ, ಡಬಲ್ಸ್ ಹೊಡೆದರೆ ಪೊಲೀಸರ ಭಯ. ಈಗಿನ ಕಾನೂನು ನೋಡಿ: ಪೆಡಲಿಗೆ ಸಹಾಯ ಮಾಡುವ ಮೋಟಾರು 250 ವ್ಯಾಟ್ ಒಳಗಿದ್ದು, ವೇಗ 25 ಕಿಲೋಮೀಟರ್ ಮುಟ್ಟಿದಾಗ ಅಥವಾ ತುಳಿಯೋದು ನಿಂತಾಗ ಅದು ಕೈಬಿಟ್ಟರೆ, ಅದು ಮೋಟಾರು ವಾಹನವೇ ಅಲ್ಲ. ನಂಬರ್ ಪ್ಲೇಟು ಬೇಡ, ಲೈಸೆನ್ಸೂ ಬೇಡ. ಆದರೆ ಅಮೆರಿಕದಲ್ಲಿ ಗಂಟೆಗೆ 32 ಕಿಲೋಮೀಟರ್‌ವರೆಗೆ ಸಹಾಯ ಮಾಡುವ ಸೈಕಲ್ಲೂ ಸೈಕಲ್ಲೇ. ಅಲ್ಲಿಂದ ತರಿಸುವವರು ಮೊದಲು ಇದನ್ನು ನೋಡಿಕೊಳ್ಳಬೇಕು.

ಇನ್ನು ಭಾರದ ವಿಚಾರ. ತುಳಿತಕ್ಕೆ ತಕ್ಕಂತೆ ಸಹಾಯ ಮಾಡುವ ಸೈಕಲ್ಲನ್ನು ಮಾರುಕಟ್ಟೆಗೆ ತಂದಿದ್ದು ಜಪಾನಿನ ಯಮಹಾ, 1993ರಲ್ಲಿ. ಅದರಲ್ಲಿದ್ದದ್ದು ಸೀಸದ ಬ್ಯಾಟರಿ. ಅದಕ್ಕೆ ಎರಡು ವರ್ಷ ಮೊದಲು, 1991ರಲ್ಲಿ, ಸೋನಿ ಲಿಥಿಯಂ ಅಯಾನ್ ಬ್ಯಾಟರಿ ಮಾರತೊಡಗಿತ್ತು. ಅದು ಅಗ್ಗವಾಗಿ ಸೈಕಲ್ಲಿಗಿಳಿಯೋಕೆ ಇನ್ನೂ ಹಲವು ವರ್ಷ ಹಿಡಿಯಿತು. ಆಮೇಲೆ ತಯಾರಕರು ಒಂದು ತಪ್ಪು ಮಾಡಿದರು ಅಂತ ನನ್ನ ಅನಿಸಿಕೆ. ದೊಡ್ಡ ಮೋಟಾರು, ದೊಡ್ಡ ಬ್ಯಾಟರಿ ಅಂತ ಪೈಪೋಟಿಗಿಳಿದು ಮೌಂಟೇನ್ ಬೈಕನ್ನು ಮತ್ತೆ ನಮ್ಮ ಅಟ್ಲಾಸಿನಷ್ಟೇ ಭಾರ ಮಾಡಿಟ್ಟರು. 2020ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಲೆವೊ ಎಸ್‌ಎಲ್ ಬಂದಾಗ ದಾರಿ ಬದಲಾಯಿತು: 240 ವ್ಯಾಟ್ ಮೋಟಾರು, 320 ವ್ಯಾಟ್-ಅವರ್ ಬ್ಯಾಟರಿ, ದುಬಾರಿ ಮಾದರಿ ಹದಿನೇಳು ಕಿಲೋ ಚಿಲ್ಲರೆ. ಲೆಕ್ಕ ಹಾಕಿದರೆ ಮೂರು ಸಲ ಚಾರ್ಜ್ ಮಾಡಿದರೆ ಒಂದು ಯೂನಿಟ್ ಕರೆಂಟು. 2022ರಲ್ಲಿ ಟ್ರೆಕ್ ಕಂಪನಿಯದೂ ಇದೇ ಹಾದಿಯಲ್ಲಿ ಬಂತು. ಈ ಜಾತಿಯವು ಸವಾರನನ್ನು ಎಳೆದುಕೊಂಡು ಹೋಗಲ್ಲ, ಬೆನ್ನಿಗೆ ಕೈ ಕೊಡುತ್ತವೆ. ಬ್ಯಾಟರಿ ಮುಗಿದರೂ ತುಳಿದು ಮನೆ ಸೇರಬಹುದು. ಕಾಡಂಚಿನಲ್ಲಿ ಅದೇ ದೊಡ್ಡ ಗುಣ. ನಾಗರಹೊಳೆ ಕಾಡಿನ ರಸ್ತೆಯಲ್ಲಿ ಎರಡು ಚಕ್ರದವರಿಗೆ ಹೇಗೂ ಪ್ರವೇಶವಿಲ್ಲ; ಕಾಡಿನ ಹೊರಗೂ ಸಂಜೆಯಾದ ಮೇಲೆ ಆನೆ ದಾಟುವ ಜಾಗಗಳಲ್ಲಿ ಸದ್ದಿಲ್ಲದ ಸೈಕಲ್ಲು ತುಳಿಯೋದು ಜಾಣತನ ಅಲ್ಲ.

ಸಾಕೋದು ಮಾತ್ರ ಸುಲಭ ಇಲ್ಲ. ಮೋಟಾರಿನ ಎಳೆತಕ್ಕೆ ಚೈನು ಬೇಗ ಸವೆಯುತ್ತೆ. ನಮ್ಮ ಕೆಂಪು ಧೂಳು ಎಣ್ಣೆಗೆ ಅಂಟಿ ಅರೆಯುವ ಕಲ್ಲಾಗುತ್ತೆ, ಒರೆಸದಿದ್ದರೆ ಹಲ್ಲುಗಾಲಿಯೂ ಹೋಯಿತು. ವಾಟರ್ ಸರ್ವಿಸ್ ಅಂಗಡಿಯ ಜೋರು ನೀರು ಬೇರಿಂಗಿಗೂ ಕನೆಕ್ಟರಿಗೂ ಶತ್ರು. ಬಕೆಟ್ಟು, ಬಟ್ಟೆ ಸಾಕು. ಟ್ಯೂಬಿಲ್ಲದ ಟೈರಿನೊಳಗಿನ ಹಾಲಿನಂಥ ದ್ರವ ಜಾಲಿಮುಳ್ಳು ಚುಚ್ಚಿದ ತೂತನ್ನು ತಾನೇ ಮುಚ್ಚುತ್ತೆ, ಆದರೆ ನಮ್ಮ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಒಣಗುತ್ತೆ. ವಾರಗಟ್ಟಲೆ ಓಡಿಸದಿದ್ದರೆ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ನೆರಳಲ್ಲಿಡಬೇಕು.

ಆರು ತಿಂಗಳಿಗೆ ಅಕ್ಕನ ಮಗನ ಮೋಟಾರು ಸುಮ್ಮನಾಯಿತು. ಬಿಚ್ಚುವ ಹಾಗಿಲ್ಲ, ಪೂರ್ತಿ ಬದಲಾಯಿಸಬೇಕು, ಕಾಯಿರಿ ಅಂದರು ಮಾರಿದವರು. ಒಂದೂವರೆ ತಿಂಗಳು ಕಾದ. ಲಕ್ಷಗಟ್ಟಲೆ ಕೊಟ್ಟವನಿಗೆ ಅದರ ಒಂದು ಸ್ಕ್ರೂ ತೆಗೆಯುವ ಹಕ್ಕಿಲ್ಲ ಅಂದರೆ ಕೊಂಡಿದ್ದೇನು, ಬಾಡಿಗೆಗೆ ಪಡೆದಿದ್ದೇನು? ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನ ಮೇಲೂ ನಮಗೆ ಇದಕ್ಕಿಂತ ಹೆಚ್ಚು ಅಧಿಕಾರ ಇತ್ತು. ಮೈಸೂರಿನಲ್ಲಿ 2017ರಲ್ಲಿ ಟ್ರಿನ್ ಟ್ರಿನ್ ಯೋಜನೆ 450 ಸೈಕಲ್ಲುಗಳೊಂದಿಗೆ ಶುರುವಾದಾಗಲೂ ನಾನು ಕೇಳಿದ್ದು ಅದನ್ನೇ, ರಿಪೇರಿ ಯಾರು ಮಾಡ್ತಾರೆ ಅಂತ.

ಆ ಒಂದೂವರೆ ತಿಂಗಳು ಅವನು ಮೋಟಾರಿಲ್ಲದೆಯೇ ತುಳಿದ. ಒಂದು ದಿನ ಗೇರು ಕಟಕಟ ಅಂತಿದೆ ಅಂತ ಶಾಪಿಗೆ ಒಯ್ದೆವು. ಶಾಪಿನ ಯಜಮಾನರಿಗೆ ಈಗ ಎಪ್ಪತ್ತು ದಾಟಿದೆ. ಒಂದೇ ಕೈಯಲ್ಲಿ ಎತ್ತಿ ನೋಡಿದರು.

“ಪರವಾಗಿಲ್ಲ ಕಣ್ ಮಗಾ, ಹಗೂರಕ್ಕೈತೆ. ಇದ್ರ ಕರೆಂಟಿನ್ ಸಮಾಚಾರ ನಂಗ್ ಬ್ಯಾಡ.”

“ಗೇರು ನೋಡಿ ಸಾಕು, ತಾತ,” ಅಂದ ಇವನು.

ಪೆಡಲು ಹಿಂದಕ್ಕೆ ತಿರುಗಿಸಿ ಕಿವಿಗೊಟ್ಟು ಕೇಳಿದರು. ಗೇರು ಹಿಡಿದಿರುವ ಸಣ್ಣ ಕೊಂಡಿ ಎಲ್ಲೋ ಬಡಿದು ಒಳಕ್ಕೆ ಬಾಗಿತ್ತು. ಎರಡು ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಒಂದು ಕೂದಲೆಳೆ ಹೊರಕ್ಕೆ ಎಳೆದರು. ಕಟಕಟ ನಿಂತಿತು. ಇಪ್ಪತ್ತು ರೂಪಾಯಿ ಇಸ್ಕೊಂಡು, ಹಿಂದಿನ ಟೈರಿನ ಹತ್ತಿರ ಬೆರಳಾಡಿಸಿ ಡೈನಮೋ ಎಲ್ಲಿ ಅಂತ ಕೇಳಿದರು.