ಪರದೇಶದ ಅಧ್ಯಾಪಕರ ಸಂಬಳ ಮತ್ತು ಅರ್ಹತೆ: ಮೇಯ್ಜಿ ಜಪಾನು ಹಾಗೂ ಆಂಗ್ಲರ ಕಾಲದ ಭಾರತ

ಪರದೇಶದಿಂದ ಅಧ್ಯಾಪಕರನ್ನು ಕರೆತರುವ ದೇಶವು ಅವರಿಗೆ ಸ್ವದೇಶದ ಅಧ್ಯಾಪಕರಿಗಿಂತ ಹೆಚ್ಚು ಸಂಬಳವನ್ನು ಕೊಡಬೇಕೆ, ಕೊಡುವುದಾದರೆ ಯಾವ ಅರ್ಹತೆಗಾಗಿ, ಎಷ್ಟು ಕಾಲದವರೆಗೆ ಎಂಬ ಪ್ರಶ್ನೆಯು ಆಧುನಿಕ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಮತ್ತೆ ಮತ್ತೆ ತಲೆಯೆತ್ತಿದೆ. ಇದು ಕೇವಲ ಲೆಕ್ಕಪತ್ರದ ವಿಷಯವೆಂದು ಮೇಲುನೋಟಕ್ಕೆ ಕಾಣಬಹುದು. ಆದರೆ ಒಂದು ಸಮಾಜವು ತನ್ನ ವಿದ್ವಾಂಸರನ್ನು ಎಷ್ಟರಮಟ್ಟಿಗೆ ನಂಬುತ್ತದೆ, ಹೊರಗಿನ ವಿದ್ಯೆಯನ್ನು ಯಾವ ಉದ್ದೇಶದಿಂದ ಬರಮಾಡಿಕೊಳ್ಳುತ್ತದೆ ಎಂಬುದು ಅದರ ಸಂಬಳದ ಪಟ್ಟಿಯಲ್ಲಿಯೇ ಸ್ಪಷ್ಟವಾಗಿ ತೋರಿಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಏಷ್ಯದ ಎರಡು ದೇಶಗಳು ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳನ್ನು ಕಂಡವು. ಒಂದು ಮೇಯ್ಜಿ ಯುಗದ ಜಪಾನು; ಇನ್ನೊಂದು ಆಂಗ್ಲರ ಆಳ್ವಿಕೆಗೆ ಒಳಪಟ್ಟಿದ್ದ ನಮ್ಮ ದೇಶ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಪರಿಶೀಲಿಸುವುದು ಈ ಲೇಖನದ ಉದ್ದೇಶವಾಗಿದೆ.

1868ರಲ್ಲಿ ಅಧಿಕಾರಕ್ಕೆ ಬಂದ ಮೇಯ್ಜಿ ಸರ್ಕಾರವು ಆ ವರ್ಷದ ಪ್ರತಿಜ್ಞಾಪತ್ರದಲ್ಲಿಯೇ ಜ್ಞಾನವನ್ನು ಜಗತ್ತಿನ ಎಲ್ಲೆಡೆಗಳಿಂದಲೂ ಅರಸಬೇಕೆಂಬ ತತ್ತ್ವವನ್ನು ಘೋಷಿಸಿತು. ಅದರ ಫಲವಾಗಿ ಇಂಗ್ಲೆಂಡು, ಅಮೆರಿಕ, ಜರ್ಮನಿ, ಫ್ರಾನ್ಸುಗಳಿಂದ ಇಂಜಿನಿಯರುಗಳೂ ವೈದ್ಯರೂ ಅಧ್ಯಾಪಕರೂ ಬಂದರು. 1870ರ ದಶಕದ ನಡುಭಾಗದಲ್ಲಿ ಸರ್ಕಾರದ ನೌಕರಿಯಲ್ಲಿದ್ದ ಇಂತಹವರ ಸಂಖ್ಯೆ ಐನೂರನ್ನು ಮೀರಿತ್ತು. ಇವರನ್ನು ಜಪಾನೀಯರು 'ಒಯಾತೋಯಿ ಗೈಕೊಕುಜಿನ್' ಎಂದು ಕರೆದರು. ಸಂಬಳ ಕೊಟ್ಟು ನೇಮಿಸಿಕೊಂಡ ವಿದೇಶೀಯರು ಎಂಬುದು ಇದರ ಅರ್ಥ. ಯಜಮಾನರು ಯಾರು, ನೌಕರರು ಯಾರು ಎಂಬುದನ್ನು ಈ ಹೆಸರೇ ಸಾರಿ ಹೇಳುತ್ತದೆಂಬುದನ್ನು ನಾವು ಗಮನಿಸಬೇಕು.

ಸಂಬಳವಾದರೋ ಧಾರಾಳವಾಗಿತ್ತು. ಆಗ ರಾಜ್ಯದ ಅತ್ಯುಚ್ಚ ಅಧಿಕಾರಿಯಾಗಿದ್ದ ಸಾಂಜೊ ಸಾನೆತೊಮಿ ಅವರಿಗೆ ತಿಂಗಳಿಗೆ 800 ಯೆನ್, ಇವಾಕುರಾ ತೊಮೊಮಿ ಅವರಿಗೆ 600 ಯೆನ್ ದೊರೆಯುತ್ತಿದ್ದಾಗ, ಒಸಾಕಾ ಟಂಕಸಾಲೆಯ ಮುಖ್ಯಸ್ಥರಾಗಿದ್ದ ಕಿಂಡರ್ ಎಂಬ ಆಂಗ್ಲರ ಸಂಬಳ 1045 ಯೆನ್. ಅಧ್ಯಾಪಕ ವರ್ಗದಲ್ಲಿ ಎಂಜಿನಿಯರಿಂಗ್ ಕಾಲೇಜಿನ ಹೆನ್ರಿ ಡಯರ್ ಅವರಿಗೆ 660 ಯೆನ್, ಟೋಕಿಯೋದ ಗೈಡೊ ವರ್ಬೆಕ್ ಅವರಿಗೆ 600 ಯೆನ್ ಸಲ್ಲುತ್ತಿತ್ತು. 1871ರಲ್ಲಿ ಫುಕುಯಿ ಎಂಬ ದೂರದ ಪಟ್ಟಣದಲ್ಲಿ ರಸಾಯನ ಮತ್ತು ಭೌತಶಾಸ್ತ್ರಗಳನ್ನು ಕಲಿಸಲು ಬಂದ ವಿಲಿಯಂ ಎಲಿಯಟ್ ಗ್ರಿಫಿಸ್ ಅವರು ಕಾಲೇಜು ಬಿಟ್ಟು ಇನ್ನೂ ಎರಡು ವರ್ಷವಾಗಿರಲಿಲ್ಲ. ಅವರಿಗೆ ಒಳ್ಳೆಯ ಸಂಬಳವೂ ವಾಸಕ್ಕೆ ಮನೆಯೂ ದೊರೆತವು.

ಇಷ್ಟು ಹಣಕ್ಕೆ ತಕ್ಕ ಅರ್ಹತೆ ಇತ್ತೇ? ಮೊದಮೊದಲು ಎಲ್ಲರಲ್ಲಿಯೂ ಇರಲಿಲ್ಲ. ಬಂದರುಗಳಲ್ಲಿ ಅಲೆಯುತ್ತಿದ್ದ ನಾವಿಕರೂ ಅಂಗಡಿಯ ಗುಮಾಸ್ತರೂ ಬಿಳಿಯ ಬಣ್ಣ ಮತ್ತು ಇಂಗ್ಲಿಷ್ ನುಡಿ ಎಂಬ ಎರಡೇ ಯೋಗ್ಯತೆಗಳ ಬಲದಿಂದ ಉಪಾಧ್ಯಾಯರಾದ ನಿದರ್ಶನಗಳನ್ನು ಗ್ರಿಫಿಸ್ ಅವರೇ 1876ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಆದರೆ ಸರ್ಕಾರವು ಬಹುಬೇಗ ಎಚ್ಚೆತ್ತಿತು. ವರ್ಬೆಕ್ ಅವರಂತಹವರ ಸಲಹೆಯನ್ನು ಪಡೆದು, ಅಯೋಗ್ಯರನ್ನು ಬಿಡಿಸಿ, ವಿಶ್ವವಿದ್ಯಾನಿಲಯಗಳಿಂದಲೇ ಯೋಗ್ಯರನ್ನು ಆರಿಸಿ ತರಿಸುವ ಕ್ರಮವು ಬಳಕೆಗೆ ಬಂದಿತು. ಗ್ಲಾಸ್ಗೋದಲ್ಲಿ ರ್‍ಯಾಂಕಿನ್ ಅವರ ಶಿಷ್ಯರಾಗಿದ್ದ ಡಯರ್ ಅವರು 1873ರಲ್ಲಿ ಬಂದದ್ದು ಹೀಗೆಯೇ. ಆದರೂ ಪದವಿಯೊಂದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಲಿಲ್ಲ. 1877ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದ ಎಡ್ವರ್ಡ್ ಮೋರ್ಸ್ ಅವರು ಕಾಲೇಜಿನ ಪದವಿಯನ್ನು ಪಡೆದವರಲ್ಲ. ಅಗಾಸಿಜ್ ಅವರ ಬಳಿ ಪಳಗಿ ಸ್ವಂತ ಸಂಶೋಧನೆಯಿಂದ ಹೆಸರಾದವರು. ಓಮೊರಿಯ ಚಿಪ್ಪುಗುಡ್ಡೆಯನ್ನು ಅಗೆದು ಜಪಾನಿನ ಪ್ರಾಕ್ತನಶಾಸ್ತ್ರಕ್ಕೆ ತಳಹದಿ ಹಾಕಿದವರೂ ಅವರೇ.

ಪರದೇಶದಲ್ಲಿ ದೊರೆತ ಸ್ಥಾನಮಾನವು ಸ್ವದೇಶದಲ್ಲಿ ಬೆಲೆಬಾಳುತ್ತಿತ್ತೆಂದು ಹೇಳುವಂತಿಲ್ಲ. ಇಪ್ಪತ್ತೈದು ತುಂಬುವ ಮೊದಲೇ ಒಂದು ದೊಡ್ಡ ಕಾಲೇಜನ್ನು ಕಟ್ಟಲು ತೊಡಗಿ ಸುಮಾರು ಒಂಬತ್ತು ವರ್ಷ ನಡೆಸಿದ ಡಯರ್ ಅವರು 1882ರಲ್ಲಿ ಸ್ಕಾಟ್ಲೆಂಡಿಗೆ ಹಿಂದಿರುಗಿದ ಮೇಲೆ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ನೌಕಾನಿರ್ಮಾಣ ಪೀಠಕ್ಕೆ ಅರ್ಜಿ ಹಾಕಿದರು. ಅದು ಅವರಿಗೆ ದೊರೆಯಲಿಲ್ಲ. ದೂರದೇಶಕ್ಕೆ ಹೋಗುವ ತರುಣ ಅಧ್ಯಾಪಕನು ತನ್ನ ನಾಡಿನ ಬಡ್ತಿಯ ಮೆಟ್ಟಿಲುಗಳನ್ನು ಬಿಟ್ಟುಕೊಟ್ಟೇ ಹೋಗುತ್ತಾನೆ. ಅಧಿಕ ಸಂಬಳದ ಒಂದು ಪಾಲು ಈ ನಷ್ಟಕ್ಕೆ ಸಲ್ಲುವ ಪರಿಹಾರವೆಂದು ಭಾವಿಸುವುದು ನ್ಯಾಯವಾಗಿದೆ.

ಜಪಾನಿನ ವ್ಯವಸ್ಥೆಯ ನಿಜವಾದ ವೈಶಿಷ್ಟ್ಯವು ಸಂಬಳದ ಮೊತ್ತದಲ್ಲಿಲ್ಲ, ಅದರ ಅವಧಿಯಲ್ಲಿದೆ. ಈ ನೇಮಕಗಳು ಸಾಮಾನ್ಯವಾಗಿ ಕೆಲವೇ ವರ್ಷಗಳ ಕರಾರಿನ ಮೇಲೆ ನಡೆಯುತ್ತಿದ್ದವು. ಆ ವರ್ಷಗಳಲ್ಲಿ ಅವರ ಸ್ಥಾನವನ್ನು ತುಂಬಬಲ್ಲ ಶಿಷ್ಯರು ಸಿದ್ಧರಾಗಬೇಕಾಗಿತ್ತು. ಡಯರ್ ಅವರ ಕಾಲೇಜಿನಿಂದ 1879ರಲ್ಲಿ ಉತ್ತೀರ್ಣರಾದ ಮೊದಲ ತಂಡದಲ್ಲಿ 23 ಮಂದಿ ಇದ್ದರು. ಅವರಲ್ಲಿ 11 ಮಂದಿಯನ್ನು ಸರ್ಕಾರವು ತನ್ನ ವೆಚ್ಚದಲ್ಲಿಯೇ ಬ್ರಿಟನ್ನಿಗೆ ಉಚ್ಚ ವ್ಯಾಸಂಗಕ್ಕಾಗಿ ಕಳುಹಿಸಿತು. ಅವರಲ್ಲೊಬ್ಬರಾದ ತಾತ್ಸುನೊ ಕಿಂಗೊ ಅವರು ಹಿಂದಿರುಗಿ ಬಂದು, ತಮ್ಮ ಗುರು ಜೊಸಾಯ ಕಾಂಡರ್ ಅವರು ಕುಳಿತಿದ್ದ ವಾಸ್ತುಶಿಲ್ಪದ ಪೀಠವನ್ನು 1884ರಲ್ಲಿ ವಹಿಸಿಕೊಂಡರು. ಭೂಕಂಪಶಾಸ್ತ್ರದಲ್ಲಿ ಜಾನ್ ಮಿಲ್ನ್ ಅವರೊಡನೆ ಕೆಲಸಮಾಡಿದ ಸೆಕಿಯಾ ಸೆಯ್ಕೆಯ್ ಅವರು 1886ರಲ್ಲಿ ಆ ಶಾಸ್ತ್ರದ ಪ್ರಾಧ್ಯಾಪಕರಾದರು. ಯೇಲ್‌ನಲ್ಲಿ ಓದಿಬಂದ ಯಾಮಾಕಾವಾ ಕೆಂಜಿರೊ ಅವರು 1879ರಲ್ಲಿಯೇ ಭೌತಶಾಸ್ತ್ರದ ಪ್ರಥಮ ಜಪಾನೀ ಪ್ರಾಧ್ಯಾಪಕರಾಗಿದ್ದರು. ಹೀಗೆ ವಿದೇಶೀ ಅಧ್ಯಾಪಕರಿಗೆ ಕೊಟ್ಟ ಹಣವು, ಮುಂದೆ ಅಂತಹವರ ಅಗತ್ಯವೇ ಇಲ್ಲದಂತೆ ಮಾಡಿಕೊಳ್ಳಲು ಹೂಡಿದ ಬಂಡವಾಳವಾಯಿತು.

ಈ ಚಿತ್ರಕ್ಕೆ ಇನ್ನೊಂದು ಮುಖವೂ ಉಂಟು. ಲಾಫ್ಕಾಡಿಯೊ ಹಿಯರ್ನ್ ಅವರು 1890ರಲ್ಲಿ ಮಾತ್ಸುಯೆಯ ಶಾಲೆಯಲ್ಲಿ ತಿಂಗಳಿಗೆ 100 ಯೆನ್ ಸಂಬಳದ ಮೇಲೆ ಉಪಾಧ್ಯಾಯರಾದರು. ವಿಶ್ವವಿದ್ಯಾನಿಲಯದ ಪದವಿ ಅವರಿಗೂ ಇರಲಿಲ್ಲ. ಪತ್ರಿಕೋದ್ಯಮದಿಂದ ಬಂದ ಸಾಹಿತಿ ಅವರು. 1896ರಲ್ಲಿ ಅವರು ಜಪಾನೀ ಪ್ರಜೆಯಾಗಿ ಕೊಯಿಜುಮಿ ಯಾಕುಮೊ ಎಂಬ ಹೆಸರನ್ನು ಪಡೆದರು. ಆ ವರ್ಷವೇ ಟೋಕಿಯೋದ ಸಾಮ್ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಆಂಗ್ಲ ಸಾಹಿತ್ಯವನ್ನು ಬೋಧಿಸಲು ನಿಯುಕ್ತರಾದಾಗ ಅವರ ಸಂಬಳ ತಿಂಗಳಿಗೆ 400 ಯೆನ್. 1903ರಲ್ಲಿ ವಿಶ್ವವಿದ್ಯಾನಿಲಯವು ಅವರ ಕರಾರನ್ನು ಮುಂದುವರಿಸಲಿಲ್ಲ. ವಿದ್ಯಾರ್ಥಿಗಳು ಪ್ರತಿಭಟಿಸಿದರೂ ಫಲವಾಗಲಿಲ್ಲ. ಅವರ ಕೆಲಸವನ್ನು ಹಂಚಿಕೊಂಡ ಮೂವರಲ್ಲಿ ಒಬ್ಬರು, ಮುಂದೆ ಮಹಾಕಾದಂಬರಿಕಾರರೆಂದು ಪ್ರಸಿದ್ಧರಾದ ನಾತ್ಸುಮೆ ಸೋಸೆಕಿ. ಅವರು ಅದೇ ವಿಶ್ವವಿದ್ಯಾನಿಲಯದ ಪದವೀಧರರು; ಸರ್ಕಾರದ ವೇತನದ ಮೇಲೆ ಎರಡು ವರ್ಷ ಲಂಡನ್ನಿನಲ್ಲಿ ವ್ಯಾಸಂಗ ಮಾಡಿ ಆಗತಾನೆ ಹಿಂದಿರುಗಿದ್ದವರು. ಅವರಿಗೆ ನಿಗದಿಯಾದದ್ದು ವರ್ಷಕ್ಕೆ 800 ಯೆನ್, ಅಂದರೆ ಹಿಯರ್ನ್ ಅವರ ಎರಡು ತಿಂಗಳ ಸಂಬಳ. ಸಂಸಾರ ಸಾಗಿಸಲು ಅವರು ಇನ್ನೊಂದು ಕಾಲೇಜಿನಲ್ಲಿ ವರ್ಷಕ್ಕೆ 700 ಯೆನ್‌ಗೆ ಪಾಠ ಹೇಳಬೇಕಾಯಿತು. 1907ರಲ್ಲಿ ಅಧ್ಯಾಪಕ ವೃತ್ತಿಯನ್ನೇ ತೊರೆದು ಅಸಾಹಿ ಪತ್ರಿಕೆಯನ್ನು ಸೇರಿದರು. ವಿದೇಶೀಯನಾದವನಿಗೆ ಕರಾರು ಮುಗಿದ ಕೂಡಲೇ ನೆಲೆಯಿಲ್ಲ. ಸ್ವದೇಶೀಯನಿಗೆ ನೆಲೆಯುಂಟು, ತಕ್ಕ ಸಂಬಳವಿಲ್ಲ. ಜಪಾನಿನ ಯಶಸ್ಸಿಗೆ ಈ ಇಬ್ಬರೂ ಬೆಲೆ ತೆತ್ತರೆಂಬುದನ್ನು ನಾವು ಮರೆಯಲಾಗದು.

ಇನ್ನು ನಮ್ಮ ದೇಶದ ಸ್ಥಿತಿಯನ್ನು ನೋಡೋಣ. ಇಲ್ಲಿಯೂ ಪರದೇಶದ ಅಧ್ಯಾಪಕರಿಗೆ ಅಧಿಕ ಸಂಬಳವಿತ್ತು. ಆದರೆ ಅದನ್ನು ಗೊತ್ತುಮಾಡುತ್ತಿದ್ದವರು ಭಾರತೀಯರಲ್ಲ. ಇಂಗ್ಲೆಂಡಿನಲ್ಲಿ ವಿಜ್ಞಾನವನ್ನು ಅಭ್ಯಾಸಮಾಡಿ ಬಂದ ಜಗದೀಶಚಂದ್ರ ಬೋಸರು 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಐರೋಪ್ಯ ಅಧ್ಯಾಪಕರ ಸಂಬಳದ ಮೂರರಲ್ಲಿ ಎರಡು ಪಾಲು ಮಾತ್ರ ಭಾರತೀಯನಿಗೆ ಸಲ್ಲತಕ್ಕದ್ದೆಂಬುದು ಆಗಿನ ಪದ್ಧತಿ. ಬೋಸರ ನೇಮಕವು ತಾತ್ಕಾಲಿಕವಾಗಿದ್ದುದರಿಂದ ಅದರಲ್ಲಿಯೂ ಅರ್ಧವನ್ನು ಮುರಿದುಕೊಳ್ಳಲಾಗುತ್ತಿತ್ತು. ಅಂದರೆ ಸಮಾನ ಕೆಲಸಕ್ಕೆ ಮೂರನೆಯ ಒಂದು ಪಾಲು. ಅವರು ಕೆಲಸವನ್ನು ಬಿಡಲಿಲ್ಲ, ಸಂಬಳವನ್ನು ಮುಟ್ಟಲೂ ಇಲ್ಲ. ಮನೆಯಲ್ಲಿ ಸಾಲದ ಹೊರೆಯಿದ್ದರೂ ಮೂರು ವರ್ಷಗಳ ಕಾಲ ಹೀಗೆಯೇ ಪಾಠ ಹೇಳಿದರು. ಕೊನೆಗೆ ಸರ್ಕಾರವು ಅವರನ್ನು ಖಾಯಂ ಮಾಡಿ, ಹಿಂದಿನ ವರ್ಷಗಳಿಗೂ ಪೂರ್ಣ ಸಂಬಳವನ್ನು ಸಲ್ಲಿಸಬೇಕಾಯಿತು.

ಒಬ್ಬ ಬೋಸರಿಗೆ ದೊರೆತ ನ್ಯಾಯವು ನಿಯಮವಾಗಲಿಲ್ಲ. ಎಡಿನ್‌ಬರೋದಲ್ಲಿ ಡಿ.ಎಸ್‌ಸಿ. ಪದವಿಯನ್ನು ಪಡೆದು ಬಂದ ಪ್ರಫುಲ್ಲಚಂದ್ರ ರಾಯರು 1889ರಲ್ಲಿ ಅದೇ ಕಾಲೇಜನ್ನು ಸೇರಿದಾಗ ಅವರಿಗೆ ಗೊತ್ತಾದ ಸಂಬಳ 250 ರೂಪಾಯಿ. 1896ರಲ್ಲಿ ನಡೆದ ಪುನರ್ವ್ಯವಸ್ಥೆಯಲ್ಲಿ ಈ ಭೇದವು ಮತ್ತಷ್ಟು ಗಟ್ಟಿಯಾಯಿತು. ಇಂಗ್ಲೆಂಡಿನಲ್ಲಿ ನೇಮಕಗೊಂಡವರಿಗೆ ಭಾರತೀಯ ವಿದ್ಯಾಭ್ಯಾಸ ಸೇವೆ, ಇಲ್ಲಿ ನೇಮಕಗೊಂಡವರಿಗೆ ಪ್ರಾಂತೀಯ ವಿದ್ಯಾಭ್ಯಾಸ ಸೇವೆ ಎಂದು ಎರಡು ಪಂಕ್ತಿಗಳಾದವು. ಹೆಸರಿನಲ್ಲಿ 'ಭಾರತೀಯ'ವಾದ ಸೇವೆಯಲ್ಲಿ ಭಾರತೀಯರು ವಿರಳ! ಒಂದೇ ಕಾಲೇಜಿನಲ್ಲಿ, ಒಂದೇ ತರಗತಿಗೆ ಪಾಠ ಹೇಳುವ ಇಬ್ಬರಲ್ಲಿ, ಆಕ್ಸ್‌ಫರ್ಡಿನಿಂದ ಆಗತಾನೆ ಬಂದ ತರುಣನು ಮೇಲಿನ ಸೇವೆಗೂ, ಅನುಭವಿಯಾದ ಭಾರತೀಯ ಸಂಶೋಧಕನು ಕೆಳಗಿನ ಸೇವೆಗೂ ಸೇರಿದವರಾಗಬಹುದಿತ್ತು. 1912ರಲ್ಲಿ ನೇಮಕವಾದ ಇಸ್ಲಿಂಗ್ಟನ್ ಆಯೋಗದ ಮುಂದೆ ಈ ಅಸಮಾಧಾನವು ಬಲವಾಗಿ ವ್ಯಕ್ತವಾಯಿತು. 1924ರಲ್ಲಿ ಲೀ ಆಯೋಗದ ಸಲಹೆಯ ಮೇರೆಗೆ ಆ ಸೇವೆಗೆ ಹೊಸ ನೇಮಕಗಳು ನಿಂತವು.

ಈ ಭೇದವನ್ನು ಸಮರ್ಥಿಸಿದವರ ವಾದವನ್ನೂ ಕೇಳಬೇಕು. ಸಮುದ್ರ ದಾಟಿ ಬಂದವರಿಗೆ ಪ್ರಯಾಣದ ವೆಚ್ಚವುಂಟು, ಹವೆಯ ತೊಂದರೆಯುಂಟು, ಮಕ್ಕಳ ವಿದ್ಯಾಭ್ಯಾಸವನ್ನು ದೂರದಲ್ಲಿ ನಡೆಸಬೇಕು ಎಂದು ಅವರು ಹೇಳುತ್ತಿದ್ದರು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ, ಜಪಾನೀಯರು ಅಷ್ಟೊಂದು ಹಣವನ್ನು ತೆತ್ತದ್ದೂ ಇಂತಹ ಕಾರಣಗಳಿಂದಲೇ. ಆದರೆ ಪರದೇಶವಾಸಕ್ಕೆ ಕೊಡುವ ಭತ್ಯವು ಬೇರೆ, ಸೇವೆಯಲ್ಲಿಯೇ ಮೇಲುಕೀಳುಗಳನ್ನು ಏರ್ಪಡಿಸುವುದು ಬೇರೆ. ಭತ್ಯವು ದೂರಕ್ಕೆ ಸಂದ ಬೆಲೆ. ಮೇಲಿನ ಸೇವೆಯಾದರೋ ವಿದ್ಯೆಯಲ್ಲಿಯೂ ಆತನು ಮೇಲೆಂಬ ತೀರ್ಪು. ಆ ತೀರ್ಪಿಗೆ ವಿದ್ಯೆಯ ಆಧಾರವಿರಲಿಲ್ಲ. ಅಲ್ಲದೆ ಜಪಾನಿನ ಕರಾರಿಗೆ ಕೊನೆಯಿತ್ತು; ಇಲ್ಲಿಯ ಸೇವೆಯು ನಿವೃತ್ತಿವೇತನದವರೆಗೂ ಸಾಗುತ್ತಿತ್ತು. ಉತ್ತರಾಧಿಕಾರಿಯನ್ನು ಸಿದ್ಧಗೊಳಿಸಬೇಕೆಂಬ ನಿರ್ಬಂಧವು ಅದರಲ್ಲಿರಲಿಲ್ಲ.

ನಮ್ಮ ನಾಡಿನ ಎರಡು ಸಂಸ್ಥೆಗಳು ಇಲ್ಲಿ ನೆನಪಿಗೆ ಬರುತ್ತವೆ. 1898ರಲ್ಲಿ ಜಪಾನನ್ನು ಕಂಡುಬಂದಿದ್ದ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾಯಿತು. ಅದರ ಪ್ರಥಮ ಉಪಕುಲಪತಿಗಳು ಎಚ್. ವಿ. ನಂಜುಂಡಯ್ಯನವರು, ಅವರ ಅನಂತರ ಬ್ರಜೇಂದ್ರನಾಥ ಸೀಲರು. ಕಾಲೇಜುಗಳಲ್ಲಿ ಆಂಗ್ಲ ಪ್ರಾಧ್ಯಾಪಕರಿದ್ದರೂ ಚುಕ್ಕಾಣಿಯು ಮೊದಲಿನಿಂದಲೂ ಭಾರತೀಯರ ಕೈಯಲ್ಲಿಯೇ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯಾದರೋ ಟ್ರಾವರ್ಸ್, ಬೋರ್ನ್, ಫಾರ್ಸ್ಟರ್ ಎಂಬ ಮೂವರು ಆಂಗ್ಲ ನಿರ್ದೇಶಕರ ಅನಂತರ 1933ರಲ್ಲಿ ಸಿ. ವಿ. ರಾಮನ್ನರು ಆ ಸ್ಥಾನಕ್ಕೆ ಬಂದರು. ರ್‍ಯಾಮ್ಸೆಯವರೊಡನೆ ವಿರಳಾನಿಲಗಳನ್ನು ಕಂಡುಹಿಡಿದ ಟ್ರಾವರ್ಸ್ ಅವರ ಅರ್ಹತೆಯು ಪ್ರಶ್ನಾತೀತವಾದದ್ದು. ಆದರೂ ಬೋಸರೂ ರಾಯರೂ ಸಂಶೋಧನೆಯಿಂದ ಹೆಸರಾಗಿದ್ದ ದೇಶದಲ್ಲಿ ಈ ಬದಲಾವಣೆಗೆ ಅಷ್ಟು ವರ್ಷ ಹಿಡಿಯಿತೆಂಬುದು ಚಿಂತನೀಯ.

ಈ ಪ್ರಶ್ನೆಯು ಹಳೆಯ ಕಾಲಕ್ಕೇ ಮುಗಿದುಹೋದದ್ದಲ್ಲ. ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿಯವರ ಕಾಲದಲ್ಲಿ ಭಾರತದಿಂದ ಅನೇಕ ಉಪಾಧ್ಯಾಯರು ಆ ದೇಶಕ್ಕೆ ಹೋಗಿ ದುಡಿದರು. ಅಲ್ಲಿ ಪರದೇಶೀಯರ ಸ್ಥಾನದಲ್ಲಿ ನಿಂತವರು ನಮ್ಮವರೇ. ಜಪಾನು 1987ರಿಂದ ವಿದೇಶೀ ಪದವೀಧರರನ್ನು ಶಾಲೆಗಳಿಗೆ ಭಾಷಾಬೋಧನೆಗಾಗಿ ಕರೆಸಿಕೊಳ್ಳುತ್ತಿದೆ. ಅವರಿಗೆ ಯಾವುದಾದರೊಂದು ಪದವಿ ಸಾಕು, ಉಪಾಧ್ಯಾಯ ತರಬೇತಿಯು ಕಡ್ಡಾಯವಲ್ಲ. ಜಪಾನೀ ಉಪಾಧ್ಯಾಯನಿಗಾದರೋ ಬೋಧನಾಪರವಾನಗಿಯು ಅವಶ್ಯಕ. ಆದರೆ ಆ ವಿದೇಶೀಯರನ್ನು ಉಪಾಧ್ಯಾಯರೆನ್ನದೆ ಸಹಾಯಕರೆಂದು ಹೆಸರಿಸಿರುವುದರಿಂದ, ಕಡಿಮೆ ಅರ್ಹತೆಗೆ ತಕ್ಕಂತೆ ಹೊಣೆಯನ್ನೂ ಮಿತಿಗೊಳಿಸಿದಂತಾಗಿದೆ.

ಮೇಲಿನ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಪರದೇಶದ ಅಧ್ಯಾಪಕನಿಗೆ ಹೆಚ್ಚು ಸಂಬಳ ಕೊಡುವುದು ತನ್ನಷ್ಟಕ್ಕೆ ಅನ್ಯಾಯವೂ ಅಲ್ಲ, ಅವಮಾನವೂ ಅಲ್ಲ. ಆ ಸಂಬಳವು ಯಾವ ವಿದ್ಯೆಗಾಗಿ, ಎಷ್ಟು ಕಾಲಕ್ಕಾಗಿ, ಆತನ ಬಳಿಕ ಆ ಪೀಠಕ್ಕೆ ಬರುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಕೊಡುವವರ ಬಳಿ ಉತ್ತರವಿರಬೇಕು. ಮೇಯ್ಜಿ ಜಪಾನಿನ ಬಳಿ ಉತ್ತರವಿತ್ತು. ಆದುದರಿಂದ ಮಂತ್ರಿಗಿಂತ ಮಿಗಿಲಾದ ಸಂಬಳವೂ ಅದಕ್ಕೆ ದುಬಾರಿಯಾಗಲಿಲ್ಲ. ಆಂಗ್ಲ ಭಾರತದಲ್ಲಿ ಆ ಪ್ರಶ್ನೆಗಳನ್ನು ಕೇಳುವ ಅಧಿಕಾರವೇ ಭಾರತೀಯರಿಗೆ ಇರಲಿಲ್ಲ. ಮೂರು ವರ್ಷಗಳ ಕಾಲ ಸಂಬಳವನ್ನು ಮುಟ್ಟದೆ ಪಾಠ ಹೇಳಿದ ಬೋಸರು ಆ ಪ್ರಶ್ನೆಗಳನ್ನು ತಮ್ಮ ಮೌನದಿಂದಲೇ ಕೇಳಿದರು. ಇಂದು ಆ ಅಧಿಕಾರವು ನಮ್ಮ ಕೈಯಲ್ಲಿದೆ. ಹೊರಗಿನವರನ್ನು ಕರೆಯುವಾಗಲೂ, ನಮ್ಮವರನ್ನು ಹೊರಗೆ ಕಳುಹಿಸುವಾಗಲೂ ಅವನ್ನು ತಪ್ಪದೆ ಕೇಳುವುದು ವಿದ್ಯಾಸಂಸ್ಥೆಗಳ ಕರ್ತವ್ಯವಾಗಿದೆ.